ವೇಳಾಪಟ್ಟಿ ಇಲ್ಲದ ವಿಮಾನಗಳು

ಆಗಸ್ಟ್ 29, ಶುಕ್ರವಾರ, ಮಧ್ಯಾಹ್ನ 1 ಗಂಟೆ 50 ನಿಮಿಷಕ್ಕೆ ಬಾಡೆನ್-ಬಾಡೆನ್ ಪೊಲೀಸ್ ಠಾಣೆಗೆ ದೂರು ಬಂತು. ಹೈಡನ್‌ಫೆಲ್ಡ್ ವಿಮಾನ ನಿಲ್ದಾಣದಲ್ಲಿ ಇಳಿಯುತ್ತಿದ್ದ ಖಾಸಗಿ ಜೆಟ್ಟಿನ ಮುಂದೆ ಕಿತ್ತಳೆ ಬಣ್ಣದ ವಸ್ತುವೊಂದು ಕಾಣಿಸಿ, ಪೈಲಟ್ ನೆಲ ಮುಟ್ಟುವ ಮೊದಲೇ ವಿಮಾನವನ್ನು ಮತ್ತೆ ಮೇಲಕ್ಕೆತ್ತಿದ್ದ. ಒಳಗೆ ಕಾಫಿ ಲೋಟ ಎತ್ತಿಡುತ್ತಿದ್ದ ಯಾನಾ ಎಂಬ ಇಪ್ಪತ್ತನಾಲ್ಕರ ಪರಿಚಾರಕಿ ಬಿದ್ದು ಭುಜದ ಮೂಳೆ ಮುರಿದುಕೊಂಡಿದ್ದಳು. ಪ್ರಯಾಣಿಕರು ಇಬ್ಬರೇ, ಕುದುರೆ ಪಂದ್ಯಕ್ಕೆ ಬಂದ ಗಂಡ ಹೆಂಡತಿ. ಅವರಿಗೆ ಏನೂ ಆಗಿರಲಿಲ್ಲ. ಹೆಂಡತಿಯ ಬಿಳಿ ಲಂಗದ ಮೇಲೆ ಕಾಫಿ ಚೆಲ್ಲಿತ್ತು, ಅಷ್ಟೆ. ದೂರಿನಲ್ಲಿ ಲಂಗಕ್ಕೆ ಏಳು ಸಾಲು, ಮೂಳೆಗೆ ಒಂದು ಸಾಲು ಇತ್ತು.

ಇನ್‌ಸ್ಪೆಕ್ಟರ್ ಆಂಡ್ರೆಯಾ ಓಸರ್ ಎರಡು ಸಲ ಓದಿ ಪ್ರಕರಣ ದಾಖಲಿಸಿಕೊಂಡರು. ಪಂದ್ಯದ ವಾರವೆಂದರೆ ಊರಿಗೆ ಹಬ್ಬ, ಠಾಣೆಗೆ ತಿಥಿ. ಹತ್ತೊಂಬತ್ತು ದಿನದಿಂದ ಅವರಿಗೆ ರಜೆ ಇರಲಿಲ್ಲ. ಐವತ್ತಾರರ ಮಂಡಿ ಮೆಟ್ಟಿಲು ಕಂಡರೆ ಅಳುತ್ತಿತ್ತು. ಇದೇ ರೀತಿ ಮಂಗಳವಾರ ಒಮ್ಮೆ, ಬುಧವಾರ ಒಮ್ಮೆ ಆಗಿತ್ತು. ಆಗ ಯಾರಿಗೂ ಪೆಟ್ಟಾಗಿರಲಿಲ್ಲವಾದ್ದರಿಂದ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ.

3 ಗಂಟೆ 30ಕ್ಕೆ ಓಸರ್, ಕಾನ್‌ಸ್ಟೆಬಲ್ ಕಿಲಿಯಾನ್ ಝಾಪ್ ಜೊತೆ ನಿಲ್ದಾಣ ತಲುಪಿದರು. ಮ್ಯಾನೇಜರ್ ಡೀಟ್ಸ್ ಬೆವರುತ್ತಿದ್ದ.

"ಡ್ರೋನಾ?"

"ಅಲ್ಲ ಮೇಡಂ. ಪೈಲಟ್ ಹೇಳೋದು, ಅದಕ್ಕೆ ಬಾಲ ಇತ್ತಂತೆ."

"ಬಾಲ?"

"ಗಾಳಿಪಟ ಇರ್ಬೇಕು ಮೇಡಂ," ಎಂದ ಝಾಪ್. ಯಾರೂ ನಗಲಿಲ್ಲ.

"ಅದು ಕಂಡ್ಮೇಲೆ ನೀವೇನ್ ಮಾಡ್ತೀರಿ?"

"ಎರಡು ಗಂಟೆ ರನ್‌ವೇ ಮುಚ್ತೀವಿ. ಬರೋ ಜೆಟ್ಟುಗಳನ್ನ ಬೇರೆ ಕಡೆ ಕಳಿಸ್ತೀವಿ. ಅವರ ಬೈಗುಳ ಕೇಳ್ಬೇಕು ನೀವು."

"ಮೂರು ದಿನಾನೂ ಎಷ್ಟು ಹೊತ್ತಿಗೆ?"

"ಒಂದು ಗಂಟೆ ಸುಮಾರಿಗೆ. ಮೂರರವರೆಗೆ ಮುಚ್ಚಿದ್ವಿ."

ಈ ಎರಡು ಗಂಟೆಯಿಂದ ಯಾರಿಗೆ ಲಾಭ ಎಂದು ಓಸರ್ ಪುಸ್ತಕದಲ್ಲಿ ಬರೆದುಕೊಂಡು ಕೆಳಗೆ ಗೆರೆ ಎಳೆದರು. ಆಮೇಲೆ, ಸದ್ದಿನ ಬಗ್ಗೆ ದೂರು ಕೊಡುವವರು ಯಾರು ಯಾರು ಎಂದು ಕೇಳಿದರು.

"ಯಾರು ಕೊಡಲ್ಲ ಹೇಳಿ! ಇಡೀ ಊರೇ." ಡೀಟ್ಸ್ ಬೀರು ತೆಗೆದ. ಆರು ದಪ್ಪ ಫೈಲು. ಅದರಲ್ಲಿ ನಾಲ್ಕು ಒಬ್ಬನವೇ. "ಇವರು ಎಗೊನ್ ಕಿಸ್ಟ್ನರ್. ಸರ್ವೆ ಇಲಾಖೇಲಿ ಇದ್ದು ರಿಟೈರ್ ಆದವರು. ಆರು ವರ್ಷದಿಂದ ಒಂದೊಂದು ಜೆಟ್ಟಿಗೂ ಒಂದೊಂದು ಕಾಗದ. ನಿಮಿಷ, ಎತ್ತರ, ಬಾಲದ ಮೇಲಿನ ನಂಬರು, ಎಲ್ಲ ಬರೀತಾರೆ."

"ಉತ್ತರ ಕೊಟ್ಟಿದ್ದೀರಾ?"

"ಅಚ್ಚು ಹಾಕಿಸಿದ ಪತ್ರ ಇದೆ. ಅದನ್ನೇ ಕಳಿಸ್ತೀವಿ."

ಕೋಣನ ಮುಂದೆ ಕಿನ್ನರಿ ಬಾರಿಸುವುದಕ್ಕೂ ಒಂದು ಮಿತಿ ಇರುತ್ತದೆ. ಈ ಮನುಷ್ಯ ಆರು ವರ್ಷ ಬಾರಿಸಿದ್ದ.

ಶನಿವಾರ ಬೆಳಿಗ್ಗೆ ಝಾಪ್ ಇಬ್ಬರನ್ನು ಕರೆದುಕೊಂಡು ಹೊಲಗಳನ್ನು ಹುಡುಕಿದ. ಮುಸುಕಿನ ಜೋಳ ಆಳೆತ್ತರ ಬೆಳೆದಿತ್ತು, ಏನೂ ಸಿಗಲಿಲ್ಲ. ಗಾಳಿ ಗುದ್ದಿ ಮೈ ನೋಯಿಸಿಕೊಂಡಂತಾಯಿತು ಎಂದು ಗೊಣಗುತ್ತ 11 ಗಂಟೆಗೆ ಠಾಣೆಗೆ ಬಂದ. ಓಸರ್ ಫೈಲುಗಳ ನಡುವೆ ಕುಳಿತಿದ್ದರು, ಪಕ್ಕದಲ್ಲಿ ಅರ್ಧ ತಿಂದ ಬ್ರೆಟ್ಸೆಲ್ ಒಣಗುತ್ತಿತ್ತು.

"ಕೆಳಗಿಳಿದ ವಿಮಾನ ಮತ್ತೆ ಮೇಲೇರುವಾಗ ಸದ್ದು ಜಾಸ್ತಿ. ಆ ಮೂರು ಮಧ್ಯಾಹ್ನ ಹೈಡನ್‌ಫೆಲ್ಡಿಂದ ಅರವತ್ತೊಂದು ದೂರು ಬಂದಿವೆ," ಎಂದರು. "ಪಾದ್ರಿಗಳು ಕೂಡ ಫೋನ್ ಮಾಡಿದ್ದಾರೆ. ಕಿಸ್ಟ್ನರ್ ಒಬ್ಬರೇ ಬರೆದಿಲ್ಲ."

"ಮನೇಲಿ ಇರ್ಲಿಲ್ವೇನೋ."

"ಮೂರೂ ದಿನ ಬೆಳಗಿನ ಜೆಟ್ಟಿಗೆ ಬರೆದಿದ್ದಾರೆ. ಸಂಜೇದಕ್ಕೂ ಬರೆದಿದ್ದಾರೆ."

ನ್ಯಾಯಾಧೀಶರ ಅನುಮತಿ ಫೋನಿನಲ್ಲೇ ಸಿಕ್ಕಿತು. ಪಂಚರಾಗಿ ಊರಿನ ಇಬ್ಬರು ಬಂದರು: ಚರ್ಚಿನ ಗಂಟೆ ನೋಡಿಕೊಳ್ಳುವ ಮುದುಕ, ಮತ್ತು ಬೇಕರಿಯ ಹಿಲ್ಡೆಗಾರ್ಟ್.

"ನಮ್ಮ ಕಿಸ್ಟ್ನರಾ?" ಎಂದಳು ಹಿಲ್ಡೆಗಾರ್ಟ್. "ಕೆಂಪು ದೀಪ ಇದ್ರೆ ಅವರು ಖಾಲಿ ರಸ್ತೇನೂ ದಾಟಲ್ಲ ಕಣ್ರೀ. ನಿಮಗೇನು ಬೇರೆ ಕೆಲಸ ಇಲ್ವಾ?"

12 ಗಂಟೆ 40ಕ್ಕೆ ಶೋಧನೆ ಶುರುವಾಯಿತು. ಹಿತ್ತಲಿನ ಶೆಡ್ಡಿನಲ್ಲಿ ಎರಡು ಮೀಟರ್ ಅಗಲದ ಗಾಳಿಪಟ ಗೋಡೆಗೆ ನೇತುಹಾಕಿತ್ತು. ಸರ್ವೆ ಬಾವುಟದ ಕಿತ್ತಳೆ ಬಟ್ಟೆಯದು, ಅಂಚು ನೀಟಾಗಿ ಹೊಲಿದದ್ದು. ಪಕ್ಕದಲ್ಲಿ ನಾಲ್ಕು ಉಂಡೆ ದಾರ. ದಾರದಲ್ಲಿ ಹತ್ತು ಮೀಟರಿಗೊಂದು ಗಂಟು, ಗಂಟಿಗೊಂದು ಎತ್ತರ ಬರೆದ ಚೀಟಿ. ಬಚ್ಚಿಡುವ ಯೋಚನೆಯೇ ಬಂದಂತಿರಲಿಲ್ಲ. ಹಿಲ್ಡೆಗಾರ್ಟ್ ಪಂಚನಾಮೆಗೆ ಸಹಿ ಹಾಕಿದಳು.

ಕಿಸ್ಟ್ನರ್‌ಗೆ ಎಪ್ಪತ್ತೊಂಬತ್ತು ವರ್ಷ. ಅಂಗಿಯ ಗುಂಡಿಗಳನ್ನು ಕೊರಳವರೆಗೂ ಹಾಕಿದ್ದರು, ಕಣ್ಣು ಮಾತ್ರ ಕೆಂಡದಂತೆ ಕೆಂಪಾಗಿತ್ತು. ಒಳಕೋಣೆಯ ಕುರ್ಚಿಯಲ್ಲಿ ಹೆಂಡತಿ ಮಾರ್ಲೀಸ್ ನಿದ್ದೆ ಹೋಗಿದ್ದರು. ಅಡುಗೆಮನೆಯಲ್ಲಿ ಕುಳಿತು ಮೆಲ್ಲಗೆ ಮಾತಾಡಬೇಕಾಯಿತು.

"ಆರು ವರ್ಷ ಒಂದೂ ಜೆಟ್ಟು ಬಿಟ್ಟಿಲ್ಲ ನೀವು. ಈ ಮೂರು ಯಾಕೆ ಬಿಟ್ರಿ?"

"ನಾನೇ ಮಾಡಿಸಿದ ಸದ್ದಿಗೆ ನಾನೇ ದೂರು ಬರೆಯೋಕಾಗುತ್ತಾ ಮೇಡಂ? ಅದು ಸುಳ್ಳು ದೂರಾಗುತ್ತೆ."

ಝಾಪ್ ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿ ನೋಡಿದ.

"ಎಲ್ಲಿಂದ ಹಾರಿಸಿದ್ರಿ?"

"ಹಿಂದಿನ ಜೋಳದ ಹೊಲದಲ್ಲಿ ಒಂದು ಕಂಬ ಇದೆ. ಅದಕ್ಕೆ ಕಟ್ಟಿ ಬರ್ತಿದ್ದೆ. ಯಾರಿಗೂ ತೊಂದ್ರೆ ಆಗ್ಬಾರ್ದು ಅಂತ ಎತ್ತರ ಲೆಕ್ಕ ಹಾಕಿದ್ದೆ. ದೂರದಿಂದ್ಲೇ ಕಾಣ್ಲಿ ಅಂತಾನೇ ಆ ಬಣ್ಣ."

"ತೊಂದರೆ ಆಗಿದೆ. ಒಬ್ಬಳ ಮೂಳೆ ಮುರಿದಿದೆ."

"ಯಾರದು?"

"ಕಾಫಿ ಕೊಡೋ ಹುಡುಗೀದು."

ಕಿಸ್ಟ್ನರ್ ಕನ್ನಡಕ ತೆಗೆದರು. "ನಿಂತಿದ್ಳಾ?"

"ನಿಂತಿದ್ದಳು."

"ಮಾರ್ಲೀಸ್ ಇಪ್ಪತ್ತೆರಡು ವರ್ಷ ಅದೇ ಕೆಲಸ ಮಾಡಿದ್ಳು. ಸಾಹೇಬರೆಲ್ಲ ಬೆಲ್ಟ್ ಹಾಕ್ಕೊಂಡು ಕೂತಿರ್ತಾರೆ, ನಾವು ಕೊನೇ ಗಳಿಗೇವರೆಗೂ ಲೋಟ ಎತ್ತುತ್ತಾ ಇರ್ತೀವಿ ಅಂತಿದ್ಳು. ನಂಗೆ ಗೊತ್ತಿತ್ತು. ಎಲ್ಲ ಲೆಕ್ಕ ಹಾಕಿದೆ, ಇದೊಂದು ಮರೆತೆ."

ಆಗ 1 ಗಂಟೆ 12 ನಿಮಿಷ. ಕಿಟಕಿಯ ಗಾಜು ಗಡಗಡ ನಡುಗಿತು. ಯಾರದೋ ಜೆಟ್ಟು ಮನೆಯ ಮೇಲೇ ಹಾದು ಇಳಿಯಿತು.

ಒಳಕೋಣೆಯಲ್ಲಿ ಕುರ್ಚಿ ಸರಿದ ಸದ್ದಾಯಿತು. ಎರಡೇ ನಿಮಿಷದಲ್ಲಿ ಮಾರ್ಲೀಸ್ ಹೊರಗೆ ಬಂದರು. ಕೊರಳಿಗೆ ನೀಲಿ ಸ್ಕಾರ್ಫು, ಕೈಯಲ್ಲಿ ಚಿಕ್ಕ ಸೂಟ್‌ಕೇಸು, ಕಾಲಿಗೆ ಏನೂ ಇಲ್ಲ. ಯಾರನ್ನೂ ನೋಡದೆ ಬಾಗಿಲ ಕಡೆ ನಡೆದರು. ಕಿಸ್ಟ್ನರ್ ಓಡಿಹೋಗಿ ಕೈ ಹಿಡಿದರು.

"ನೋಡಿದ್ರಲ್ಲ. ಎಲ್ಲ ಮರೆತಿದ್ದಾಳೆ, ವಿಮಾನದ ಸದ್ದು ಕೇಳಿದ್ರೆ ಮಾತ್ರ ಡ್ಯೂಟಿಗೆ ಹೊತ್ತಾಯ್ತು ಅಂತ ಹೊರಟುಬಿಡ್ತಾಳೆ. ಬೆಳಗ್ಗೆ ಒಂಬತ್ತು ಹತ್ತಕ್ಕೆ ಒಂದು ಸರ್ವೀಸು, ಸಂಜೆ ಆರಕ್ಕೆ ಒಂದು. ಅವಕ್ಕೆ ವೇಳಾಪಟ್ಟಿ ಇದೆ. ಅಷ್ಟೊತ್ತಿಗೆ ಸರಿಯಾಗಿ ಕರ್ಕೊಂಡು ತಿರುಗಾಡಿಸಿ ಬರ್ತೀನಿ. ಇವಕ್ಕೆ ಯಾವ ಪಟ್ಟಿ? ಮನಸ್ಸು ಬಂದಾಗ ಬರ್ತವೆ. ಬಾಗಿಲಿಗೆ ಬೀಗ ಹಾಕಿದ್ರೆ ಕಿಟಕಿ ಒಡೀತಾಳೆ. ಫೆಬ್ರವರೀಲಿ ನಾನು ಹತ್ತು ನಿಮಿಷ ಕಣ್ಣು ಮುಚ್ಚಿದ್ದೆ, ಅಷ್ಟೇ. ಹೆದ್ದಾರಿ ಪಕ್ಕ ಸಿಕ್ಕಿದ್ಳು, ಮಂಜಲ್ಲಿ, ಬರಿಗಾಲಲ್ಲಿ. ರಾತ್ರಿ ಇವಳು ಮಲಗಲ್ಲ, ಮಧ್ಯಾಹ್ನ ಒಂದರಿಂದ ಮೂರರವರೆಗಾದ್ರೂ ಬಿಡ್ರಪ್ಪಾ ಅಂತ ಬೇಡಿಕೊಂಡೆ ಮೇಡಂ. ಆಮೇಲೆ ಗಾಳಿಪಟ ಕಟ್ಟಿದೆ. ಆ ಮೂರು ದಿನ ಮಲಗಿದ್ದೆ. ಇಬ್ರೂ ಮಲಗಿದ್ವಿ."

ಓಸರ್‌ಗೆ ಕಾನೂನು ಮಾತ್ರ ತೋಚಿತು, ಅದನ್ನೇ ಹೇಳಿದರು. ವಿಮಾನ ಸಂಚಾರಕ್ಕೆ ಅಪಾಯ ಒಡ್ಡಿದ ಆರೋಪದ ಮೇಲೆ 1 ಗಂಟೆ 25ಕ್ಕೆ ಎಗೊನ್ ಕಿಸ್ಟ್ನರ್ ಬಂಧನವಾಯಿತು.

"ಬರ್ತೀನಿ. ತಪ್ಪು ನಂದೇ," ಎಂದರು ಅವರು. "ಇವಳ ಹತ್ರ ಯಾರಿರ್ತಾರೆ?"

ಓಸರ್ ನಾಲ್ಕು ಕಡೆ ಫೋನ್ ಮಾಡಿದರು. ಪಕ್ಕದ ಊರಿನ ಆರೈಕೆ ಮನೆಯಲ್ಲಿ ಒಂದು ಹಾಸಿಗೆ ಖಾಲಿ ಇತ್ತು. ಅಲ್ಲಿನ ನರ್ಸ್ ಮೂರು ಗಂಟೆಗೆ ಠಾಣೆಗೆ ಬರುತ್ತೇನೆಂದಳು. ಇನ್ನು ಈ ಹೆಂಗಸನ್ನು ಕಾರು ಹತ್ತಿಸುವುದು ಹೇಗೆ ಎಂದು ಯೋಚಿಸುವಷ್ಟರಲ್ಲಿ ಮಾರ್ಲೀಸ್ ತಾವೇ ಗೇಟು ದಾಟಿದ್ದರು. ಸಮವಸ್ತ್ರದ ಝಾಪ್ ಕಾರಿನ ಪಕ್ಕ ನಿಂತಿದ್ದ.

"ಕಾರು ಈಗ ಬಂತಾ? ಎಷ್ಟು ಹೊತ್ತಪ್ಪಾ ಕಾಯೋದು," ಎಂದು ಗದರಿ, ಸೂಟ್‌ಕೇಸನ್ನು ಅವನ ಕೈಗೆ ಕೊಟ್ಟರು.

"ಟ್ರಾಫಿಕ್ ಇತ್ತು ಮೇಡಂ," ಎಂದ ಝಾಪ್.

ಹಿಲ್ಡೆಗಾರ್ಟ್ ಒಳಗಿಂದ ಚಪ್ಪಲಿ ತಂದು ಆಕೆಯ ಕಾಲಿಗೆ ಹಾಕಿದಳು. ಹಿಂದಿನ ಸೀಟಿನಲ್ಲಿ ಗಂಡನ ಪಕ್ಕ ಕುಳಿತ ಮಾರ್ಲೀಸ್ ಆತನನ್ನು ಮೇಲಿಂದ ಕೆಳಗೆ ನೋಡಿದರು.

"ಬೆಲ್ಟ್ ಹಾಕ್ಕೊಳ್ಳಿ ಸಾರ್. ಹೊರಡ್ತಾ ಇದೀವಿ."

"ಹಾಕ್ಕೊಂಡೆ," ಎಂದರು ಕಿಸ್ಟ್ನರ್. ಆದರೂ ಆಕೆ ಬಗ್ಗಿ, ಬೆಲ್ಟನ್ನು ಎಳೆದು ನೋಡಿ, ಸರಿ ಎಂದು ತಲೆಯಾಡಿಸಿದರು.

ಊರು ದಾಟುವ ಮೊದಲೇ ಕಿಸ್ಟ್ನರ್‌ಗೆ ನಿದ್ದೆ ಬಂದಿತ್ತು. ಬಾಯಿ ತೆರೆದುಕೊಂಡು, ಹೆಂಡತಿಯ ಭುಜಕ್ಕೆ ತಲೆ ಇಟ್ಟು ಮಲಗಿದ್ದರು. ಸ್ವಲ್ಪ ಹೊತ್ತಿಗೆ ಆಕೆಯ ಕಣ್ಣೂ ಮುಚ್ಚಿತು. ಓಸರ್ ಕನ್ನಡಿಯಲ್ಲಿ ನೋಡಿದರು.

"ಕಾಡಿನ ರಸ್ತೇಲಿ ಹೋಗು ಝಾಪ್," ಎಂದರು. "ನಿಧಾನಕ್ಕೆ."

ಅಂತಿಮ ವರದಿಯಲ್ಲಿ ಅಪರಾಧದ ಪ್ರೇರಣೆ ಎಂಬಲ್ಲಿ ಓಸರ್ 'ನಿದ್ದೆ' ಎಂದು ಒಂದೇ ಪದ ಬರೆದರು. ಹೈಡನ್‌ಫೆಲ್ಡಿನಿಂದ ಠಾಣೆಗೆ ಹದಿನಾಲ್ಕು ಕಿಲೋಮೀಟರ್. ಆರೋಪಿಯನ್ನು ಕರೆತಂದ ಸಮಯ ಮಧ್ಯಾಹ್ನ 3 ಗಂಟೆ ಎಂದು ದಾಖಲೆಯಲ್ಲಿದೆ.