ಕೊನೆಯ ಸಾಲಿನ ಕಿಟಕಿ ಸೀಟು

ಕೂತು ಊಟ ಮಾಡಲು ಒಂದು ಕೋಣೆ ಕೊಡಿ ಎಂದು ಎಲ್ಲರ ಪರವಾಗಿ ಕೇಳಿದ್ದಕ್ಕೆ ಕಂಪನಿಯವರು ಕಡ್ಡಿಯನ್ನು ದೂರದ ನಗರಕ್ಕೆ ಎತ್ತಂಗಡಿ ಮಾಡಿದರು.

ಕಡ್ಡಿ ಎಂದರೆ ವಿಮಾನದ ಒಳಗನ್ನು ಗುಡಿಸಿ ಒರೆಸುವ ತಂಡದ ಅತಿ ಸಪೂರ ಹುಡುಗ. ಗುಬ್ಬಿ ಅದೇ ತಂಡದವಳು. ಪ್ರಯಾಣಿಕರು ಇಳಿದ ಮೇಲೆ ಎಡಗಡೆಯ ಸೀಟುಗಳು ಇವಳಿಗೆ, ಬಲಗಡೆಯವು ಅವನಿಗೆ. ಮೂರು ವರ್ಷ ಇಬ್ಬರ ನಡುವೆ ಇದ್ದದ್ದು ಆ ನಡುದಾರಿಯಷ್ಟೇ. ಬಗ್ಗಿ ಕಸ ಹೆಕ್ಕಿದವಳು ತಲೆಯೆತ್ತಿದರೆ ಸೀಟಿನ ಮೇಲಿಂದ ಅವನ ಕಣ್ಣುಗಳು. ಸಿಕ್ಕಿಬಿದ್ದೊಡನೆ ಅವನು ಗಡಿಬಿಡಿಯಿಂದ ಕಿಟಕಿ ಒರೆಸುತ್ತಿದ್ದ.

"ಅದನ್ನ ಆಗ್ಲೇ ಒರೆಸಿದ್ಯಲ್ಲೋ!"

"ಕೊಳೆ ಹೋಗ್ತಿಲ್ಲ ಕಣೆ."

ಅಷ್ಟೇ. ಇನ್ನೇನೂ ಹೇಳಲಿಲ್ಲ ಪುಣ್ಯಾತ್ಮ. ಹೇಳಿದ್ದು ಫೋನಿನಲ್ಲಿ, ಅಲ್ಲಿಗೆ ಹೋದ ಮೇಲೆ.

"ಮೊದಲ ಸಲ ಸೀಟಲ್ಲಿ ಕೂತೆ ಗುಬ್ಬಿ. ಒಂಬತ್ತು ಗಂಟೆ! ಬೆಲ್ಟ್ ಹಾಕ್ಕೊಳ್ಳೋಕೆ ಗೊತ್ತಾಗ್ದೆ ಪಕ್ಕದ ಅಜ್ಜಿ ಹಾಕಿಕೊಟ್ರು."

"ದಿನಾ ಮಡಚ್ತಿದ್ದವನಿಗೆ ಹಾಕ್ಕೊಳ್ಳೋಕೆ ಬರಲ್ವಾ?"

"ಮಡಚೋದು ತಾನೇ ನಮ್ಮ ಕೆಲಸ? ಕೂತಿದ್ದು ಯಾವತ್ತು? ಪಕ್ಕದಲ್ಲಿ ನೀನಿರಬೇಕಿತ್ತು ಅನ್ನಿಸ್ತು. ದಾರಿ ಪೂರ್ತಿ ಅದೇ ಅನ್ನಿಸ್ತು."

"ಮೂರು ವರ್ಷದಲ್ಲಿ ಒಂದು ನಡುದಾರಿ ದಾಟ್ಲಿಲ್ಲ, ಈಗ ಸಮುದ್ರ ದಾಟಿ ಹೇಳ್ತಿದೀಯಲ್ಲೋ!" ನಕ್ಕಳು.

ಅವಳಿಗೆ ಬೆಳಗಾದರೆ ಅವನಿಗೆ ಕತ್ತಲು. ಫೋನಿಗೆ ಸಿಗುವುದೇ ಅಪರೂಪ. ಆದರೆ ಒಂದೇ ವಿಮಾನ ಎರಡು ನಗರಗಳ ನಡುವೆ ಹೋಗಿ ಬರುತ್ತಿತ್ತು. ಅದರ ಕೊನೆಯ ಸಾಲಿನ ಕಿಟಕಿ ಸೀಟು ಕೆಟ್ಟಿತ್ತು; ಯಾರನ್ನೂ ಕೂರಿಸುತ್ತಿರಲಿಲ್ಲ. ಸೀಟಿನ ಬೆಲ್ಟನ್ನು ಬಲತುದಿ ಮೇಲೆ ಬರುವಂತೆ ಅಡ್ಡಡ್ಡ ಇಡಬೇಕೆಂಬುದು ಕಂಪನಿಯ ನಿಯಮ. ಆ ಒಂದು ಸೀಟಿನಲ್ಲಿ ಮಾತ್ರ ಅವನು ಅವಳಿಗೆಂದೇ ಎಡತುದಿ ಮೇಲಿಟ್ಟು ಕಳಿಸುತ್ತಿದ್ದ. ಇಲ್ಲಿ ಅವಳು ಅದರ ಮೇಲೆ ಅಂಗೈ ಊರಿ ಒಂದು ಗಳಿಗೆ ನಿಂತು, ಬಲತುದಿ ಮೇಲೆ ಮಾಡಿ ವಾಪಸ್ ಕಳಿಸುತ್ತಿದ್ದಳು. ಅವನು ಮುಟ್ಟಿದ್ದ ಬೆಲ್ಟು. ಒಂಬತ್ತು ಗಂಟೆ ಹಾರಿ ಬಂದದ್ದು ಯಾವಾಗಲೂ ತಣ್ಣಗಿರುತ್ತಿತ್ತು.

ಒಂದು ಮಧ್ಯಾಹ್ನ ಅದೇ ಸೀಟಿನ ಬಳಿ ಸೂಪರ್‌ವೈಸರ್ ಬಂದ.

"ನೋಡಮ್ಮ, ಕೋಣೆ ನಾವ್ಯಾರೂ ಕೇಳೇ ಇಲ್ಲ ಅಂತ ಮ್ಯಾನೇಜರ್ ಮುಂದೆ ಒಂದು ಮಾತು ಹೇಳಿಬಿಡು. ಮುಂದಿನ ವಿಮಾನಕ್ಕೇ ನಿನ್ನ ಕಡ್ಡಿ ಇಲ್ಲಿರ್ತಾನೆ. ಎಷ್ಟು ಮಹಾ, ಒಂಬತ್ತು ಗಂಟೆ!"

ಅವಳಿಗೆ ನಡುದಾರಿಯಾಚೆ ಕಡ್ಡಿಯ ಕಣ್ಣುಗಳು ಆಗಲೇ ಬಂದು ಕಾಯುತ್ತಿರುವಂತೆ ಕಂಡಿತು. ಆದರೆ ಅಲ್ಲಿ ಕಾಣಿಸಿದ್ದು ತಂಡದ ಗೆಳತಿಯರು. ಶೌಚಾಲಯದ ಬಾಗಿಲ ಪಕ್ಕ, ಕಸದ ಚೀಲಗಳ ನಡುವೆ, ನಿಂತುಕೊಂಡೇ ಡಬ್ಬಿಯ ಊಟ ತಿನ್ನುತ್ತಿದ್ದರು. ಒಬ್ಬಳು ತುಂಬು ಬಸುರಿ. ಸುಳ್ಳು ಹೇಳಿ ಕರೆಸಿಕೊಂಡರೆ ಅವನು ಬಂದು ನಿಲ್ಲುವುದೂ ಅಲ್ಲಿಯೇ.

ಎಡತುದಿ ಮೇಲಿದ್ದ ಬೆಲ್ಟನ್ನು ಬಿಡಿಸಿದಳು. ಕೆಟ್ಟ ಸೀಟಿನಲ್ಲಿ ಕೂತಳು. ಬೆಲ್ಟನ್ನು ಸೊಂಟಕ್ಕೆ ಬಿಗಿದು, ತೊಡೆಯ ಮೇಲೆ ಡಬ್ಬಿ ತೆರೆದಳು.

"ಏಯ್, ಕೆಲಸದವರು ಸೀಟಲ್ಲಿ ಕೂರೋ ಹಾಗಿಲ್ಲ. ಏಳು!"

ಪಕ್ಕದ ಖಾಲಿ ಸೀಟಿನತ್ತ ಒಮ್ಮೆ ನೋಡಿದಳು. ತುತ್ತು ಬಾಯಿಗಿಟ್ಟಳು.

"ಏಳ್ತೀಯೋ ಇಲ್ವೋ?"

"ಸುಳ್ಳು ಹೇಳಲ್ಲ ಅಣ್ಣ," ಎಂದಳು, ನಿಧಾನವಾಗಿ ಅಗಿಯುತ್ತ. "ಏಳೋದೂ ಇಲ್ಲ. ಊಟ ಮಾಡ್ತಿದೀನಿ."