ಮಸಕಿಯ ಹನ್ನೆರಡು ದೀಪಗಳು

ಹಿಂದೆ, ಹಿಂದೆಂದರೆ ನಮ್ಮಜ್ಜಿಯ ಅಜ್ಜಿಗೂ ನೆನಪಿಲ್ಲದಷ್ಟು ಹಿಂದೆ, ಸೂಜಿಕೋಟೆ ಎಂಬ ರಾಜ್ಯವಿತ್ತು. ಅಲ್ಲಿ ಹೆಣ್ಣು ಗಂಡೆನ್ನದೆ ಎಲ್ಲರೂ ಕಸೂತಿ ಹಾಕುವವರೇ. ಯುಗಾದಿಯ ಮರುದಿನ ಪ್ರತಿಯೊಬ್ಬರೂ ಕೋಟೆಬಾಗಿಲಲ್ಲಿ ನಿಂತು ಒಂದು ಕಣ್ಣು ಮುಚ್ಚಿ ಸೂಜಿಗೆ ದಾರ ಪೋಣಿಸಬೇಕು, ಆಮೇಲೆ ಇನ್ನೊಂದು ಕಣ್ಣು ಮುಚ್ಚಿ ಪೋಣಿಸಬೇಕು. ಆಗದವರನ್ನೂ, ಬದಿಯಲ್ಲಿ ಆಡಿಸಿದ ಬೆರಳು ಕಾಣದವರನ್ನೂ ರಾಜವೈದ್ಯರು ಪಕ್ಕಕ್ಕೆ ಕರೆದು ಕಣ್ಣು ನೋಡುತ್ತಿದ್ದರು. ಒಂದು ವರ್ಷ ಬಿಜ್ಜರಾಯ ದೊರೆಗೇ ದಾರ ಪೋಣಿಸಲಾಗಲಿಲ್ಲ. ಜನರೆದುರು ಮರ್ಯಾದೆ ಹೋಯಿತೆಂದು ಆತ ಆ ಪದ್ಧತಿಯನ್ನೇ ನಿಲ್ಲಿಸಿಬಿಟ್ಟ. ಪುಣ್ಯಾತ್ಮನ ಬುದ್ಧಿ ನೋಡಿ!

ಅಂದಿನಿಂದ ಬೋಳುಗುಡ್ಡದ ಮಾಟಗಾತಿ ಮಸಕಿಗೆ ಹಬ್ಬ. ಅವಳು ಜನರ ನೋಟದ ಅಂಚಿನಿಂದ ದಿನಕ್ಕೊಂದು ಎಳೆ ಬಿಚ್ಚಿ ತನಗೆ ಕಂಬಳಿ ನೇಯುತ್ತಿದ್ದಳು. ನೋವಿಲ್ಲ, ಉರಿಯಿಲ್ಲ, ಹಾಗಾಗಿ ಎಷ್ಟೋ ಜನರಿಗೆ ಗೊತ್ತೇ ಆಗಲಿಲ್ಲ. ಗೊತ್ತಾದವರು ಬಾಯಿ ಬಿಡಲಿಲ್ಲ. ಕಣ್ಣು ಮಂದವೆಂದರೆ ಕೈಯಿಂದ ಸೂಜಿ ಕಿತ್ತುಕೊಳ್ಳುತ್ತಾರಲ್ಲ, ಆ ಭಯ.

ನೀಲವ್ವನೂ ಬಾಯಿ ಬಿಡಲಿಲ್ಲ. ಹಾಲಿನ ಗಡಿಗೆಗೆ ಕೈ ತಾಗಿ ಉರುಳಿದರೆ ಬೆಕ್ಕು ಬೀಳಿಸಿತು ಎನ್ನುವಳು. ಅವರ ಮನೆಯಲ್ಲಿ ಬೆಕ್ಕೇ ಇರಲಿಲ್ಲ. ಮಗಳು ಸಾವಂತ್ರಿ ಕೊನೆಗೆ ತಾಯಿಯನ್ನು ಎಳೆದುಕೊಂಡೇ ವೈದ್ಯರ ಬಳಿ ಹೋದಳು. ಇದು ಮಸಕಿಯ ಕೆಲಸ, ನೀಲವ್ವನಿಗೆ ಈಗ ಉಳಿದಿರುವುದು ಊದುಗೊಳವೆಯಲ್ಲಿ ನೋಡಿದಷ್ಟು ನೋಟ, ತಿಂಗಳೊಳಗೆ ಅದೂ ಹೋಗುತ್ತದೆ ಎಂದರು ಅವರು.

ತಾನೇ ಮಸಕಿಯ ಬಳಿ ಹೋಗುತ್ತೇನೆಂದು ಸಾವಂತ್ರಿ ಹಟ ಹಿಡಿದಳು. ವೈದ್ಯರು ಮೂರು ಮಾತು ಹೇಳಿದರು. "ಕಣ್ಣು ಉಜ್ಜಬೇಡ. ಹೊಳೆಯುವುದನ್ನು ದಿಟ್ಟಿಸಬೇಡ. ಕಾಣದ್ದನ್ನು ಕಾಣುತ್ತದೆ ಅನ್ನಬೇಡ ತಾಯಿ, ಅವಳ ಮಾಟ ನಡೆಯುವುದು ಬಚ್ಚಿಟ್ಟವರ ಮೇಲೆ ಮಾತ್ರ."

ಗುಡ್ಡದ ಬುಡದಲ್ಲಿ ಮಣ್ಣಿನ ಗೂಬೆ ರೆಕ್ಕೆ ಬಡಿದು ಸಾವಂತ್ರಿಯ ಕಣ್ಣಿಗೆ ಮರಳು ತೂರಿತು. ಕೈ ತಾನಾಗಿ ಮೇಲೆದ್ದಿತು. ಅವಳು ಆ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ತಂಬಿಗೆಯ ಶುದ್ಧ ನೀರಿನಿಂದ ಕಣ್ಣು ತೊಳೆದಳು. ಗೂಬೆ ಉದುರಿ ಮಣ್ಣಾಯಿತು.

ನಡುಗುಡ್ಡದಲ್ಲಿ ಸೂರ್ಯನನ್ನೇ ಕೊಂಬಿಗೆ ಕಟ್ಟಿಕೊಂಡ ಟಗರು ನಿಂತಿತ್ತು. ನೋಡು ನನ್ನ ಚೆಂದ ಎಂದು ಕರೆಯಿತು. ಅವಳು ಸೆರಗನ್ನು ಹಣೆಯ ಕೆಳಗೆ ಎಳೆದು, ತನ್ನ ನೆರಳನ್ನೇ ನೋಡುತ್ತಾ ದಾಟಿದಳು. ಟಗರು ಕಂದಿ ಕಲ್ಲಾಯಿತು.

ಗುಡ್ಡದ ತುದಿಯ ಗುಹೆಯಲ್ಲಿ ಸುತ್ತಲೂ ದೀಪ ಹಚ್ಚಿ ಮಸಕಿ ನೇಯುತ್ತಿದ್ದಳು. ಹೊಕ್ಕಾಗಲೇ ಸಾವಂತ್ರಿ ಎಣಿಸಿದ್ದಳು, ಹನ್ನೆರಡು. ಮಸಕಿ ಅವಳನ್ನು ಎದುರಿಗೆ ಕೂರಿಸಿಕೊಂಡು, ಕತ್ತು ಹೊರಳಿಸದೆ ಉತ್ತರ ಹೇಳು, ಸುಳ್ಳಾದರೆ ನಿನ್ನ ಉಳಿದ ನೋಟವೂ ನಿನ್ನವ್ವನದೂ ನನ್ನದು ಎಂದಳು.

"ಎಷ್ಟು ದೀಪ ಕಾಣುತ್ತವೆ?"

ಅಯ್ಯೋ, ಸಾವಂತ್ರಿಗೆ ಕಂಡದ್ದು ಒಂಬತ್ತು! ಎಡಗಡೆ ಬರೀ ಕತ್ತಲೆ. ಅದು ಇಂದಿನದಲ್ಲ. ಎರಡು ವರ್ಷದಿಂದ ಎಡಭುಜ ಬಾಗಿಲಿಗೆ ಬಡಿಯುತ್ತಿತ್ತು, ಬಾಗಿಲು ಇಕ್ಕಟ್ಟು ಎಂದುಕೊಂಡು ಸುಮ್ಮನಿದ್ದಳು. ಅವ್ವನಿಗೆ ಬುದ್ಧಿ ಹೇಳಿದವಳು ಇವಳೇ! ಹನ್ನೆರಡು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವಳು ಅತ್ತಳು.

"ಹನ್ನೆರಡಿವೆ ಎಂದು ಗೊತ್ತು. ನನಗೆ ಕಾಣುವುದು ಒಂಬತ್ತೇ. ಎಡಗಡೆ ನನಗೆ ಕಾಣುವುದಿಲ್ಲ."

ಮಗ್ಗ ನಿಂತಿತು. ಮಸಕಿ ಕಂಬಳಿಯ ಸಮೇತ ಬೂದಿಯಾದಳು. ಸಾವಂತ್ರಿ ಬೂದಿ ಕೆದಕಿದಳು, ಅವ್ವನ ಒಂದು ಎಳೆಯಾದರೂ ಸಿಗಲಿ ಎಂದು. ಸಿಗಲಿಲ್ಲ. ಹೋದ ನೋಟ ಯಾರಿಗೂ ಮರಳಲಿಲ್ಲ, ಉಳಿದದ್ದು ಉಳಿಯಿತು. ಬೇಗ ಬಾಯಿ ಬಿಟ್ಟಿದ್ದರೆ ಎಷ್ಟು ಉಳಿಯುತ್ತಿತ್ತೋ, ನೆನೆದರೆ ಈಗಲೂ ನನ್ನ ಹೊಟ್ಟೆ ಉರಿಯುತ್ತದೆ.

ಮುಂದಿನ ಯುಗಾದಿಯ ಮರುದಿನ ದೊರೆಯೇ ಮೊದಲು ಸೂಜಿ ಹಿಡಿದು, ನನಗೆ ಆಗುತ್ತಿಲ್ಲ ಎಂದು ಎಲ್ಲರೆದುರು ಹೇಳಿದ. ಅವನ ಹಿಂದೆ ಊರಿಗೆ ಊರೇ ಸಾಲು ನಿಂತಿತು. ಯಾರ ಸೂಜಿಯನ್ನೂ ಯಾರೂ ಕಿತ್ತುಕೊಳ್ಳಲಿಲ್ಲ. ಸೂಜಿಕೋಟೆಯ ಮಕ್ಕಳು ಮುಪ್ಪಿನವರೆಗೂ ಕಣ್ತುಂಬ ಲೋಕ ನೋಡಿಕೊಂಡು ಬಾಳಿದರು.

ದೊರೆ ಸೂಜಿ ಹಿಡಿದ ದಿನದ ಸಂಜೆ ನೀಲವ್ವನ ಮನೆಯಲ್ಲಿ ಮತ್ತೆ ಹಾಲು ಚೆಲ್ಲಿತು. ಸಾವಂತ್ರಿ ಒರೆಸಲು ಬಟ್ಟೆ ತಂದಳು.

"ಬೆಕ್ಕಲ್ಲ ಕಣೇ," ಎಂದಳು ನೀಲವ್ವ, "ನಾನೇ."

ಮಗಳು ಗಡಿಗೆಯನ್ನು ಅವ್ವನ ನೋಟದ ನೇರಕ್ಕೆ ಸರಿಸಿಟ್ಟಳು.