ಗಾಳಿ ಎಳೆದ ಕೊಳವೆ

ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ನಮ್ಮ ಗ್ಯಾರೇಜಿನ ಶೆಡ್ಡಿಗೆ ಕಿಟಕಿಯಿಲ್ಲ. ಗಾಡಿಗಳ ಹೊಗೆ ಕುಡಿದು ಕುಡಿದು ನನ್ನಣ್ಣ ಹೋದ ವರ್ಷ ಅಲ್ಲೇ ಉಸಿರುಕಟ್ಟಿ ಸತ್ತ. ಕಿಟಕಿ ಇಡಿಸಿ ಎಂದು ಕೇಳಿದಾಗಲೆಲ್ಲ ಮಾಲೀಕರದು ಒಂದೇ ಮಾತು: "ಗಾಳಿ ಬೇಕಾ? ಬಾಗಿಲು ತೆರೆದೇ ಇದೆ, ಮನೆಗೆ ಹೋಗ್ರೋ."

ಅದೇ ಮಾಲೀಕರು ಒಂದು ದಿನ ತಮ್ಮ ಹಳೆಯ ಸ್ಪೋರ್ಟ್ಸ್ ಕಾರು ತಂದು ನಿಲ್ಲಿಸಿದರು. "ಪಾಪ ಕಣೋ, ಇದಕ್ಕೆ ಉಸಿರಾಡೋಕೇ ಆಗ್ತಿಲ್ಲ, ಓಡೋದು ಹೇಗೆ? ದೊಡ್ಡ ಕೊಳವೆ ಹಾಕು."

ಹಳೆಯ ಫಿಲ್ಟರ್ ಡಬ್ಬಿ ಬಿಚ್ಚಿ, ಎಂಜಿನ್ನಿಗೆ ಗಾಳಿ ಎಳೆಯುವ ಅಗಲವಾದ ಕೊಳವೆ ಜೋಡಿಸಿದೆ. ಎಳೆತ ನೋಡಲು ಎಂಜಿನ್ ಶುರು ಮಾಡಿ ಅದರ ಬಾಯಿಗೆ ಕಾಗದದ ಚೂರು ಹಿಡಿಯುವುದು ನಮ್ಮ ರೂಢಿ. ಅಭ್ಯಾಸಬಲದಿಂದ ಮೊದಲೇ ಹಿಡಿದೆ. ಕಾಗದ ಪಟ್ಟನೆ ಅಂಟಿಕೊಂಡಿತು, ಬಿಟ್ಟಿತು, ಮತ್ತೆ ಅಂಟಿಕೊಂಡಿತು. ಎಂಜಿನ್ ಇನ್ನೂ ಶುರು ಮಾಡಿರಲಿಲ್ಲ. ಬಿಚ್ಚಿಟ್ಟ ಬ್ಯಾಟರಿ ಬೆಂಚಿನ ಮೇಲಿತ್ತು. ತಣ್ಣಗಿನ ಲೋಹದೊಳಗಿಂದ ಬಿಸಿ ಗಾಳಿ ಬೆರಳಿಗೆ ತಾಗಿತು, ಜೊತೆಗೆ ಅಣ್ಣನ ಎದೆಯಿಂದ ಬರುತ್ತಿದ್ದಂಥದ್ದೇ ಗೊರಗೊರ ಸದ್ದು.

"ಏನೋ, ದೆವ್ವ ಕಂಡವನ ಥರ ನಿಂತಿದ್ದೀಯ?" ಎಂದು ನಗುತ್ತ ಮಾಲೀಕರು ಬಗ್ಗಿ ಕೊಳವೆಗೆ ಕಿವಿಗೊಟ್ಟರು. ನಗು ಅಲ್ಲೇ ನಿಂತಿತು. ಆಮೇಲೆ ಕೊಳವೆಯ ಬಾಯಿಗೇ ಮುಖವಿಟ್ಟು ಮೆಲ್ಲಗೆ ಹೇಳಿದರು:

"ಆಯ್ತಪ್ಪಾ, ನಾಳೆನೇ ಗೋಡೆ ಒಡೆಸ್ತೀನಿ."

ಆವತ್ತು ನಾನು ಕಿಟಕಿಯ ಮಾತೇ ಎತ್ತಿರಲಿಲ್ಲ.